ನಯೀಮ ಹಾಕಿದ ಸೀಲು

ಎಣ್ಣೆ ಸೋರದಂತೆ ಪಿಸ್ಟನ್ನಿಗೆ ನಯೀಮ ಹಾಕಿದ ರಬ್ಬರ್ ಸೀಲಿನಲ್ಲಿ ಒಂದು ಗೀರೂ ಇರಲಿಲ್ಲ. ಮುನಾಫ ಅದರ ಎಣ್ಣೆ ಒರೆಸಿ ಬಿಸಿಲಿಗೆ ಹಿಡಿದು ನೋಡಿದ, ಅಂಚಿನುದ್ದಕ್ಕೂ ಉಗುರು ಆಡಿಸಿ ನೋಡಿದ, ಬಳೆ ಕೊಳ್ಳುವವರ ಹಾಗೆ ಸುತ್ತ ತಿರುಗಿಸಿ ಮತ್ತೊಮ್ಮೆ ನೋಡಿದ. ಎರಡು ತಿಂಗಳು ಎಣ್ಣೆಯಲ್ಲಿ ಮುಳುಗಿ ಕಪ್ಪಾಗಿತ್ತು, ಅಷ್ಟೇ. ಪಿಸ್ಟನ್ ಮೇಲೆ ಅದು ಕೂತಿದ್ದ ರೀತಿಯೂ ಹೇಗಿರಬೇಕೋ ಹಾಗೇ ಇತ್ತು. ಹಾಳಾದವನು ಎಷ್ಟು ಚೆಂದ ಕೂರಿಸಿದ್ದಾನೆ ಎಂದುಕೊಂಡಾಗ ಮುನಾಫನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು.

ಹತ್ತಿಮತ್ತೂರಿನ ಗುದ್ಲೆಪ್ಪಗೌಡರ ಕಣದಲ್ಲಿ, ಬೇವಿನ ಮರದ ಬುಡದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಅದರ ಮೂತಿಗೆ ಕಟ್ಟಿದ ಲೋಡರಿನ ಬಕೆಟ್ ನೆಲಕ್ಕೆ ಊರಿತ್ತು. ಬಕೆಟ್ಟನ್ನು ಎತ್ತುವ ಎರಡೂ ಸಿಲಿಂಡರುಗಳನ್ನು ಮುನಾಫ ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ್ದ. ಎಡಗಡೆಯದು ಮೊದಲೇ ನೋಡಿಯಾಗಿತ್ತು. ಅದರಲ್ಲೂ ತಪ್ಪು ಸಿಕ್ಕಿರಲಿಲ್ಲ. ಕಾಯಿಲೆಯೇನೋ ಇದ್ದದ್ದು ನಿಜ. ಗೋವಿನಜೋಳ ತುಂಬಿ ಮೇಲೆತ್ತಿದ ಬಕೆಟ್ ಎತ್ತಿದಲ್ಲಿ ನಿಲ್ಲದೆ, ನಿದ್ದೆಗೆ ಜಾರುವವನ ತಲೆಯ ಹಾಗೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅತ್ತ ಲಾರಿ ಬಂದು ನಿಂತಿತ್ತು, ಇತ್ತ ರಾಶಿ ಹಾಗೇ ಬಿದ್ದಿತ್ತು.

ಬೆಳಿಗ್ಗೆ ಗೌಡರ ಫೋನು ಬಂದಾಗ ಮುನಾಫನಿಗೆ ಹಬ್ಬವೇ ಆಗಿತ್ತು. "ನಯೀಮ ಸೀಲ ಹಾಕಿದ್ದು ಮತ್ತ ಇಳ್ಯಾಕತ್ತೈತ್ರಿ. ಅವ ಮಾಸೂರಿಗೆ ಹೋಗ್ಯಾನಂತ, ಅದಕ್ಕ ನಿಮಗ ಹಚ್ಚಿದೆ" ಎಂದಿದ್ದರು ಗೌಡರು. ಈ ಮಾತಿನ ಮೊದಲರ್ಧ ಮುನಾಫನ ಕಿವಿಯಲ್ಲಿ ಉಳಿಯಿತು, ಎರಡನೆಯದು ಸವಣೂರು ದಾಟುವಷ್ಟರಲ್ಲಿ ಉದುರಿಹೋಯಿತು.

ಇಬ್ಬರೂ ಸವಣೂರಿನಲ್ಲಿ ಒಬ್ಬರೇ ಉಸ್ತಾದರ ಕೈಕೆಳಗೆ ಕಲಿತವರು. ಮುನಾಫ ಮೊದಲು ಸೇರಿದ, ಎಷ್ಟೋ ವರ್ಷದ ಮೇಲೆ ನಯೀಮ ಬಂದ. ಬೋಲ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ನಯೀಮನಿಗೆ ಹೇಳಿಕೊಟ್ಟವನೇ ಮುನಾಫ. ಆದರೆ ಯಾವ ಗಾಡಿ ಬರಲಿ, ಉಸ್ತಾದರು ಮುನಾಫನ ಮಾತನ್ನು ಪೂರ್ತಿ ಕೇಳಿ, ತಲೆಯಾಡಿಸಿ, ಆಮೇಲೆ ಆ ಕಡೆ ತಿರುಗಿ "ನಯೀಮ, ನೀ ಏನಂತಿ?" ಎನ್ನುತ್ತಿದ್ದರು. ಉಸ್ತಾದರು ಮಣ್ಣಾದರು, ಇಬ್ಬರೂ ಬೇರೆ ಬೇರೆ ಅಂಗಡಿ ಹಾಕಿದರು, ಮುನಾಫನ ಗಡ್ಡ ಬೆಳ್ಳಗಾಯಿತು. ಆ ಒಂದು ಪ್ರಶ್ನೆ ಮಾತ್ರ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದಿತ್ತು. ಗುದ್ಲೆಪ್ಪಗೌಡರೂ ಮೊದಲು ಮುನಾಫನ ಗಿರಾಕಿಯೇ. ಹೋದ ಸುಗ್ಗಿಯಲ್ಲಿ ಅವನು ಮದುವೆಗೆಂದು ಶಿಗ್ಗಾಂವಿಗೆ ಹೋಗಿದ್ದಾಗ ಒಮ್ಮೆ ನಯೀಮನನ್ನು ಕರೆಸಿದರು, ಅಲ್ಲಿಗೆ ಮುಗಿಯಿತು. ಗೌಡರು ಯಾರನ್ನು ಕರೆಸುತ್ತಾರೋ ಊರಿನ ಟ್ರ್ಯಾಕ್ಟರುಗಳೆಲ್ಲ ಅವನ ಅಂಗಡಿಗೇ ಹೋಗುತ್ತವೆ. ಇವತ್ತು ನಯೀಮನ ತಪ್ಪನ್ನು ತೋರಿಸಿದರೆ ಹತ್ತಿಮತ್ತೂರು ಮತ್ತೆ ತನ್ನದಾಗುತ್ತದೆ ಎಂದುಕೊಂಡೇ ಮುನಾಫ ಬೈಕಿನಿಂದ ಇಳಿದಿದ್ದ.

ಆ ಅವಸರದಲ್ಲಿ ಉಸ್ತಾದರ ಪದ್ಧತಿಯನ್ನೇ ಬಿಟ್ಟಿದ್ದ. ಬಕೆಟ್ ಇಳಿಯುತ್ತದೆ ಎಂದು ಯಾರೇ ಬರಲಿ, ಉಸ್ತಾದರು ಮೊದಲು ಬಕೆಟ್ ಎತ್ತಿಸಿ, ಪಕ್ಕದ ಗೋಡೆಗೋ ಮರಕ್ಕೋ ಅದರ ಅಂಚಿನ ಸಮಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಚಹಾ ತರಿಸುತ್ತಿದ್ದರು. ಚಹಾ ಮುಗಿಯುವಷ್ಟರಲ್ಲಿ ಬಕೆಟ್ ಗೆರೆಗಿಂತ ಕೆಳಗಿಳಿದಿದ್ದರೆ ಸಿಲಿಂಡರಿನ ಮೇಲುಗಡೆಯ ಹೋಸ್ ಪೈಪು ಬಿಚ್ಚಿ ನೋಡುವುದು. ಅಲ್ಲಿ ಎಣ್ಣೆ ಸೋರಿದರೆ ಸೀಲು ಹೋಗಿದೆ. ಸೋರದಿದ್ದರೆ ಸಿಲಿಂಡರ್ ಸರಿಯಿದೆ, ರೋಗ ಎಣ್ಣೆಯನ್ನು ತಡೆದು ಬಿಡುವ ವಾಲ್ವಿನಲ್ಲಿದೆ. ಗೌಡರಿಗೂ ಇದು ಗೊತ್ತಿತ್ತು. "ಖಡು ಗೆರಿ ಹೊಡಿಯಂಗಿಲ್ಲೇನ್ರಿ ಮುನಾಫಣ್ಣ? ಚಾ ಮಾಡಾಕ ಹೇಳ್ಲಿ?" ಎಂದು ಕೇಳಿದ್ದರು.

"ಏನ ಬೇಕಾಗಿಲ್ರೀ ಗೌಡ್ರ. ಸೀಲ ಹೋಗಿದ್ದು ಇಲ್ಲೆ ನಿಂತ್ರ ಕಾಣತೈತಿ" ಎಂದಿದ್ದ ಮುನಾಫ.

ಈಗ ಸೀಲು ಕೈಯಲ್ಲಿತ್ತು, ಹೋಗಿರಲಿಲ್ಲ. ಗೌಡರು ಒಳಗೆ ಹೋಗಿದ್ದರು. ಡ್ರೈವರ್ ಪರಮೇಶ ಲಾರಿಯವನ ಹತ್ತಿರ ಹರಟುತ್ತಿದ್ದ. ಮನೆಯ ಬಾಗಿಲಲ್ಲಿ ಗೌಡರ ಚಪ್ಪಲಿ ಸದ್ದಾಯಿತು. ಮುನಾಫನ ಬಲಗೈ ಗೋಣಿಚೀಲದ ಮೇಲಿನ ಸ್ಕ್ರೂ ಡ್ರೈವರನ್ನು ಎತ್ತಿಕೊಂಡಿತು. ಸೀಲಿನ ಅಂಚಿಗೆ ಅದರ ಮೊನೆಯನ್ನು ಒತ್ತಿ ಒಂದೇ ಸಲ ಎಳೆದ. ಬೆಣ್ಣೆ ಕೊಯ್ದಷ್ಟು ಸುಲಭವಾಗಿ ಆಗಿಹೋಯಿತು.

"ನೋಡ್ರಿ ಗೌಡ್ರ. ಒಳಗ ಹಾಕೋ ಮುಂದ ಸ್ಕ್ರೂ ಡ್ರೈವರ್ ಹಚ್ಚಿ ನೂಕ್ಯಾನ. ಇಲ್ಲೆ ಕೊಯ್ದೈತಿ."

ಗೌಡರು ಬಗ್ಗಿ ನೋಡಿದರು. "ಅಯ್ ಇವನ! ಅಷ್ಟ ಹುಷಾರ ಮನಷ್ಯಾ ಹಿಂಗ ಮಾಡ್ಯಾನಲ್ಲ?"

"ಹುಷಾರ ಏನೋ ಅದಾನ್ರೀ. ಗಡಿಬಿಡಿ ಜಾಸ್ತಿ" ಎಂದ ಮುನಾಫ. ಅನುಕಂಪದಿಂದಲೇ ಹೇಳಿದ. ಎಷ್ಟೋ ವರ್ಷಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ಹೊರಗೆ ಬಿದ್ದಾಗ ಬೆಲ್ಲ ತಿಂದ ಹಾಗಾಯಿತು.

ಆದರೆ ಗೌಡರು ಸೀಲನ್ನು ಒಂದು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸಿದರು. "ಇರ್ಲಿ. ನಯೀಮ ಬಂದಾಗ ತೋರಸ್ತೇನಿ."

"ಯಾಕ್ ಬಿಡ್ರೀ, ಅಂಗಿಗೆ ಎಣ್ಣಿ ಹತ್ತತೈತಿ" ಎಂದ ಮುನಾಫ. ಗೌಡರು ಕೇಳಿಸಿಕೊಳ್ಳಲಿಲ್ಲ. ಬೆಲ್ಲದ ರುಚಿ ಅಲ್ಲಿಗೇ ಮುಗಿಯಿತು.

ಎರಡೂ ಸಿಲಿಂಡರಿಗೆ ಹೊಸ ಸೀಲು ಹಾಕಿ, ಜೋಡಿಸಿ, ಪರಮೇಶನಿಗೆ ಬಕೆಟ್ ತುಂಬಿಸಿ ಎತ್ತಲು ಹೇಳಿದ. ಬಕೆಟ್ ಬೇವಿನ ಮರದ ಮೊದಲ ಕೊಂಬೆಯವರೆಗೆ ಏರಿ ನಿಂತಿತು. ಗೌಡರ ಸೊಸೆ ಚಹಾ ತಂದುಕೊಟ್ಟಳು. ಮುನಾಫ ಎರಡು ಗುಟುಕು ಕುಡಿದಿರಬಹುದು, ಬಕೆಟ್ ಮೆಲ್ಲಗೆ ಕೆಳಗಿಳಿಯತೊಡಗಿತು.

"ಗಾಳಿ ಹೊಕ್ಕಿರತೈತಿ. ನಾಕ ಸಲ ಮ್ಯಾಲ ಕೆಳಗ ಮಾಡು" ಎಂದ. ಪರಮೇಶ ಹತ್ತು ಸಲ ಮಾಡಿದ. ಹತ್ತೂ ಸಲ ಬಕೆಟ್ ಮರ್ಯಾದೆಯಿಂದ ಮೇಲೇರಿ, ಮರ್ಯಾದೆ ಬಿಟ್ಟು ಕೆಳಗಿಳಿಯಿತು. ಲಾರಿಯವನು ಹಾರ್ನ್ ಹೊಡೆದ. ಗೌಡರು ಬೈಯಲಿಲ್ಲ, ಮುಖವನ್ನೂ ಗಂಟು ಹಾಕಲಿಲ್ಲ; ಸುಮ್ಮನೆ ಜೇಬಿನಿಂದ ಫೋನು ತೆಗೆದರು. "ನಯೀಮ, ಎಲ್ಲಿ ಅದೀಪಾ? ಹಾವೇರಿ ದಾಟಿಯೇನು? ಹಂಗಾರ ಹಿಂಗ ಬಾ."

ಮುನಾಫ ಹೊರಟುಬಿಡಬಹುದಿತ್ತು. ನೆಪಕ್ಕೆ ಶುಕ್ರವಾರದ ನಮಾಜೂ ಇತ್ತು. ಆದರೆ ಸೀಲು ಗೌಡರ ಜೇಬಿನಲ್ಲಿತ್ತು. ತಾನಿಲ್ಲದಾಗ ಅದು ಜೇಬಿನಿಂದ ಹೊರಗೆ ಬರುವುದನ್ನು ನೆನೆದೇ ಅವನ ಕಾಲು ಏಳಲಿಲ್ಲ.

ನಯೀಮ ಬಂದವನೇ ಬೈಕ್ ನಿಲ್ಲಿಸಿ, "ಸಲಾಮ್ ಮುನಾಫಭಾಯಿ" ಎಂದು ಎರಡೂ ಕೈ ಹಿಡಿದುಕೊಂಡ. ಗೌಡರು ಕಾಗದ ಬಿಚ್ಚಿ ಸೀಲನ್ನು ಅವನ ಅಂಗೈಗೆ ಹಾಕಿದರು. "ಏನಪಾ ಇದು? ಕೊಯ್ದ ಸೀಲ ಹಾಕಿಯಲ್ಲ?"

ನಯೀಮ ಸೀಲನ್ನು ಮಡಚಿ ಗಾಯವನ್ನು ಬಿಡಿಸಿ ನೋಡಿದ. ಮೇಲೆಲ್ಲ ಎರಡು ತಿಂಗಳ ಕಪ್ಪು. ಕೊಯ್ದ ಜಾಗದ ಒಳಗೆ ಮಾತ್ರ ಅಂಗಡಿಯಿಂದ ತಂದ ದಿನದ ಬಣ್ಣ. ಅವನ ಹೆಬ್ಬೆರಳು ಅಲ್ಲೇ ನಿಂತಿತು. ಕಣ್ಣು ಗೋಣಿಚೀಲದ ಮೇಲಿನ ಸ್ಕ್ರೂ ಡ್ರೈವರಿನ ಕಡೆ ಹೋಯಿತು, ಅಲ್ಲಿಂದ ಮುನಾಫನ ಮುಖಕ್ಕೆ ಬರುವ ಮೊದಲೇ ಕೆಳಗಿಳಿಯಿತು. ಹೇಳಲಿ, ಹೇಳಿದರೆ ಜಗಳವಾಡುತ್ತೇನೆ, ಹಿರಿಯನಿಗೆ ಎದುರು ಮಾತಾಡುತ್ತೀಯಾ ಎಂದು ಕೂಗಾಡುತ್ತೇನೆ ಎಂದು ಮುನಾಫ ಮನಸ್ಸಿನಲ್ಲೇ ತೋಳೇರಿಸಿದ.

"ಹೌದ್ರೀ ಗೌಡ್ರ. ನನ್ನ ಕೈಯಿಂದನ ಆಗಿರಬೇಕು. ಅವತ್ತ ಗಡಿಬಿಡ್ಯಾಗ ಇದ್ದೆ" ಎಂದ ನಯೀಮ. ಸೀಲನ್ನು ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಗೌಡರು ಅವನ ಬೆನ್ನು ತಟ್ಟಿದರು. "ಇರ್ಲಿ ಬಿಡು. ಮಾಡಿದ್ದನ್ನ ಮಾಡೇನಿ ಅಂತ ಬಾಯಿಬಿಟ್ಟ ಹೇಳೋ ಮಂದಿ ಈಗ ಎಲ್ಲಿ ಸಿಗತಾರ?" ಮುನಾಫನಿಗೆ ಕಪಾಳಕ್ಕೆ ಹೊಡೆಸಿಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ತಾನು ಮಾಡಿದ ಗಾಯದಿಂದಲೂ ಆ ಮನುಷ್ಯ ಹೆಸರು ಗಳಿಸಿಕೊಂಡಿದ್ದ.

ನಯೀಮ ಬಕೆಟ್ ಎತ್ತಿಸಿದ. ಸಿಲಿಂಡರುಗಳ ಮೇಲುಗಡೆಯ ಹೋಸುಗಳನ್ನು ಬಿಚ್ಚಿ ಕೆಳಗೆ ಅಂಗೈ ಹಿಡಿದ. ಬಕೆಟ್ ಇಳಿಯುತ್ತಲೇ ಇತ್ತು, ಅಂಗೈಗೆ ಎಣ್ಣೆ ಬೀಳಲಿಲ್ಲ. "ಭಾಯಿ ಹಾಕಿದ ಸೀಲ ಪಕ್ಕಾ ಅದಾವ್ರೀ" ಎಂದ. ಆಮೇಲೆ, ಯಾವ ಆಟವೂ ಇಲ್ಲದ ಮುಖದಲ್ಲಿ ಈ ಕಡೆ ತಿರುಗಿದ. "ಮುನಾಫಭಾಯಿ, ನೀವ ಏನಂತೀರಿ?"

ಎಷ್ಟೋ ವರ್ಷ ಕಾದಿದ್ದ ಪ್ರಶ್ನೆ, ಬರಬಾರದ ಬಾಯಿಂದ ಬಂದಿತ್ತು. "ವಾಲ್ವ್" ಎಂದ ಮುನಾಫ.

"ನಾನೂ ಅದನ್ನ ಅಂತೇನಿ. ಪರಮೇಶ, ಪೈಪಿಗೆ ಯಾರರ ಕೈ ಹಚ್ಚಿದ್ರೇನು?"

ಪರಮೇಶ ತಲೆ ಕೆರೆದುಕೊಂಡ. "ವಾಲ್ವಿನ ಹತ್ರ ಎಣ್ಣಿ ಜಿನಗತಿತ್ರಿ. ಬೋರಿನ ಪೈಪಿಗೆ ಸುತ್ತೋ ಬಿಳೇ ಟೇಪ್ ಮನ್ಯಾಗ ಇತ್ತು. ಅದನ್ನ ಸುತ್ತಿ ಬಿಗಿ ಮಾಡಿದೆ. ಸೋರೋದು ನಿಂತತ್ರಿ."

ಬಕೆಟ್ಟನ್ನು ನೆಲಕ್ಕಿಳಿಸಿ ನಯೀಮ ವಾಲ್ವ್ ಬಿಚ್ಚಿದ. ಒಳಗೆ ಎಣ್ಣೆಯನ್ನು ತಡೆದು ನಿಲ್ಲಿಸುವ ಸಣ್ಣ ಗುಂಡಿನ ಕೆಳಗೆ ಬಿಳಿಯ ಟೇಪಿನ ಚೂರೊಂದು, ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆಯೇ ಪರಮೇಶನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಯೀಮ ಚೂರನ್ನು ತೆಗೆದು, ತೊಳೆದು, ಬಿಗಿದ. ಜೇಬಿನಿಂದ ಸೀಮೆಸುಣ್ಣ ತೆಗೆದು ಮುನಾಫನ ಕೈಗೆ ಕೊಟ್ಟ. "ನೀವ ಹೊಡೀರಿ ಭಾಯಿ. ನಮ್ಮೊಳಗ ಹಿರ್ಯಾರು ನೀವು."

ತುಂಬಿದ ಬಕೆಟ್ ಮೇಲೇರಿತು. ಮುನಾಫ ಅದರ ಅಂಚಿನ ಸಮಕ್ಕೆ ಬೇವಿನ ಬೊಡ್ಡೆಯ ಮೇಲೆ ಗೆರೆ ಎಳೆದ. ಗೌಡರ ಸೊಸೆ ಮತ್ತೆ ಚಹಾ ತಂದಳು. ಕಣದಲ್ಲಿ ಹಾಕಿದ್ದ ಮಂಚದ ಮೇಲೆ ಗೌಡರು ನಯೀಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಣ್ಣನ ಮಗನ ಟ್ರ್ಯಾಕ್ಟರಿನ ವಿಷಯ ತೆಗೆದರು, ಅದನ್ನೂ ಒಮ್ಮೆ ನೋಡಿಬಿಡು ಎಂದರು. ಮುನಾಫ ಮರದ ಹತ್ತಿರವೇ ನಿಂತಿದ್ದ. ಒಂದು ಕೂದಲೆಳೆಯಷ್ಟಾದರೂ ಇಳಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತ, ರೆಪ್ಪೆ ಬಡಿಯದೆ ಗೆರೆಯನ್ನೇ ನೋಡಿದ.

ಮಂಚದ ಮೇಲಿನ ಲೋಟಗಳು ಖಾಲಿಯಾದವು. ಅವನ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತು. ಬಕೆಟ್ ಗೆರೆಯ ಸಮಕ್ಕೇ ನಿಂತಿತ್ತು.