ದೊಡ್ಡಪ್ಪ ಬರ್ತಾರೆ

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ದೇಶದೇಶಗಳ ಮಾದಕವಸ್ತು ಜಾಲ ಎಂದಮೇಲೆ ಬಂದೂಕು, ಸ್ಪೀಡ್‌ಬೋಟು, ಕಪ್ಪು ಕನ್ನಡಕ ಬೇಕೇ ಬೇಕು ಎಂದುಕೊಂಡು ಎರಡು ಡ್ರಾಫ್ಟ್ ಬರೆದೆ. ಎರಡರಲ್ಲೂ ಬೋಟು ಮುಳುಗಿತು. (ಈಜು ಬಾರದವನಿಗೆ ಬೋಟಿನ ಉಸಾಬರಿ ಯಾಕೆ?) ಆದ್ದರಿಂದ ಒಂದು ಕುರ್ಚಿಯಿಂದ ಶುರು ಮಾಡುತ್ತೇನೆ. ಸರ್ಕಾರಿ ಕುರ್ಚಿ, ಒಂದು ಗಾಲಿ ಕೆಟ್ಟಿದೆ. ಮಾದಕವಸ್ತು ನಿಗ್ರಹ ಕಚೇರಿಯ ಮೂರನೇ ಮಹಡಿಯಲ್ಲಿ ಅದರ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಅನುವಾದಕಿ ಕಂಡವರ ಫೋನ್ ಕೇಳುತ್ತಾಳೆ. ನಮ್ಮ ಮಾತಿನಲ್ಲಿ ಕೇಳಿದ್ದನ್ನು ಮೂರು ದೇಶಗಳು ಒಪ್ಪಿಕೊಂಡಿರುವ ಫೈಲಿನ ಭಾಷೆಯಲ್ಲಿ ಟೈಪ್ ಮಾಡುತ್ತಾಳೆ.

೨
ಕಳ್ಳಸಾಗಣೆಯವರು ಫೋನಿನಲ್ಲಿ ನೆಂಟರಿಷ್ಟರ ಹಾಗೆ ಮಾತಾಡುತ್ತಾರೆ. ಮಾವ ಎಂದರೆ ಪೊಲೀಸ್. ಮಾವನ ಮನೆ ಎಂದರೆ ಜೈಲು. ಪುಡಿ ಎಂದರೆ ಮಾಲು. ದೊಡ್ಡಪ್ಪ ಎಂದರೆ ಮುಖಂಡ. ಈ ಪದಪಟ್ಟಿ ಮಾಡಿದವಳು ಅವಳೇ. ಮೂರೂ ದೇಶದವರು ಭೇಷ್ ಎಂದರು. ಏಳು ತಿಂಗಳಲ್ಲಿ ಅದರ ಬಲದಿಂದಲೇ ಎರಡು ಕಂಟೇನರ್ ಸಿಕ್ಕವು. ನಿಜವಾದ ಮಾಲು, ನಿಜವಾದ ಕಳ್ಳರು ಒಂಬತ್ತು ಜನ. ದೊಡ್ಡಪ್ಪ ಮಾತ್ರ ಸಿಕ್ಕಿರಲಿಲ್ಲ.

೩
ಆ ಒಂಬತ್ತರಲ್ಲಿ ಒಬ್ಬ ಲಾರಿ ಡ್ರೈವರ್. ಅವನ ಹೆಂಡತಿಯ ಫೋನನ್ನೂ ಕೇಳುತ್ತಿದ್ದರು. ಆಕೆ ಪರದೇಶದಲ್ಲಿರುವ ತಂಗಿಗೆ ಹೇಳಿದ್ದು ಇಷ್ಟು:

"ದೊಡ್ಡಪ್ಪ ಬುಧವಾರ ಬರ್ತಾರೆ ಕಣೇ. ಪುಡಿ ಅವರ ಹತ್ರಾನೇ ಇರುತ್ತೆ. ಹೊಸ ಹಲ್ಲುಸೆಟ್ಟು ಅಲ್ವಾ, ಬೇರೆ ಪುಡಿ ಒಗ್ಗಲ್ಲ. ಅಲ್ಲಿ ಚಳಿ, ಏರ್‌ಪೋರ್ಟಿಗೆ ಸ್ವೆಟರ್ ತಗೊಂಡು ಹೋಗು."

ಫೈಲಿಗೆ ಹೋಗಿದ್ದು: 'ಮುಖಂಡ ಬುಧವಾರ ಬರುತ್ತಾನೆ. ಮಾಲು ಅವನ ಬಳಿಯೇ ಇರುತ್ತದೆ. ಉಳಿದದ್ದು ಮನೆ ಮಾತು, ಬಿಡಲಾಗಿದೆ.'

(ಬೈಯಬೇಡಿ. ಅವತ್ತು ಅವಳಿಗೆ ಅದು ತೊಂಬತ್ತನೇ ಕರೆ.)

ಬುಧವಾರ ಅಲ್ಲಿಯ ಏರ್‌ಪೋರ್ಟಿನಲ್ಲಿ ಒಬ್ಬ ಮುದುಕನನ್ನು ಹಿಡಿದರು. ವಯಸ್ಸು ಅರವತ್ತೊಂಬತ್ತು, ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಅವನ ಚೀಲದಲ್ಲಿ ಸಿಕ್ಕಿದ್ದು ಹಲ್ಲುಪುಡಿ. ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎನ್ನುತ್ತೀರಿ. ಮಾಡಿಸಿದರು. ಹಲ್ಲುಪುಡಿಯೇ. ಆಮೇಲೆ ಫೈಲಿನಲ್ಲಿ ಬರೆದರು: 'ಮುಖಂಡ ಮಹಾ ಚಾಣಾಕ್ಷ. ತಾನು ಮಾಲು ಮುಟ್ಟುವುದಿಲ್ಲ.'

೪
ಹನ್ನೊಂದನೇ ದಿನ ವಿಡಿಯೋ ವಿಚಾರಣೆ. ಮಾತು ತಿಳಿದವರು ಬೇಕಲ್ಲ, ಅವಳನ್ನೇ ಕೂರಿಸಿದರು. ಪರದೆಯ ಮೇಲೆ ಬಂದವನ ಬಾಯಲ್ಲಿ ಹಲ್ಲುಸೆಟ್ಟು ಇರಲಿಲ್ಲ, ಸಾಕ್ಷ್ಯವೆಂದು ಎತ್ತಿಟ್ಟುಕೊಂಡಿದ್ದರು. ಅವಳು ನಮಸ್ಕಾರ ಎಂದಳು, ಅಷ್ಟೇ.

"ಅಯ್ಯೋ, ನಮ್ಮ ಮಾತು! ಕೇಳಿ ಹನ್ನೊಂದು ದಿನ ಆಯ್ತು ಕಣಮ್ಮಾ. ಹೋದ ಜೀವ ಬಂದಂಗಾಯ್ತು."

ನೀನೇ ದೊಡ್ಡಪ್ಪನೋ ಎಂದು ಅಲ್ಲಿಯ ಅಧಿಕಾರಿ ಕೇಳಿಸಿದ.

"ಹೌದಮ್ಮಾ. ನನ್ನ ತಮ್ಮನ ಇಬ್ಬರು ಹೆಣ್ಣುಮಕ್ಕಳಿಗೆ." ಮುದುಕ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಇವ್ರು ಯಾರನ್ನೋ ಹುಡುಕ್ತಿದಾರೆ ಅನ್ಸುತ್ತೆ. ಪಾಪ, ಸಿಕ್ಕಿದ್ನೇನಮ್ಮಾ ಅವ್ನು?"

ಅವಳು ಮ್ಯೂಟ್ ಒತ್ತಿ ಅತ್ತಳು.

ಹಳೆಯ ರೆಕಾರ್ಡಿಂಗ್ ತೆಗೆದು ಮತ್ತೆ ಕೇಳಿದಳು. ನೇರವಾಗಿ ಸಾಹೇಬರ ಕೋಣೆಗೆ ಹೋದಳು. ಅವರೇನೂ ಕೆಟ್ಟವರಲ್ಲ, ತಲೆ ಹಿಡಿದುಕೊಂಡು ಕೂತರು.

"ಮೇಡಂ, ನೀವು ತಪ್ಪಾಯ್ತು ಅಂತ ಬರ್ಕೊಟ್ರೆ ಆ ಒಂಬತ್ತು ಜನರ ಲಾಯರ್ ಸುಮ್ನಿರ್ತಾನಾ? ಒಂದು ಪದ ತಪ್ಪಾದ್ರೆ ಎಲ್ಲಾ ತಪ್ಪೇ ಅಂತಾನೆ. ಏಳು ತಿಂಗಳ ಕೆಲಸ ಹೊಳೇಲಿ ಹುಣಸೆಹಣ್ಣು ತೊಳ್ದಂಗಾಗುತ್ತೆ."

೫
ಇಲ್ಲಿ ನಾನು ಎರಡು ಕೊನೆ ಬರೆದಿಟ್ಟಿದ್ದೆ. ಒಂದರಲ್ಲಿ ಅವಳು ತಪ್ಪೊಪ್ಪಿಗೆ ಬರೆಯುತ್ತಾಳೆ, ಮುದುಕ ಬಿಡುಗಡೆಯಾಗುತ್ತಾನೆ, ಕಳ್ಳರೂ ಬಿಡುಗಡೆಯಾಗುತ್ತಾರೆ. ಇನ್ನೊಂದರಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ಎರಡನೆಯದೇ ನನಗೆ ಇಷ್ಟ. ವಿಷಾದ ಇದೆ, ಸ್ಪರ್ಧೆಗೆ ಕಳಿಸಬಹುದು.

"ನಿಮಗೇನ್ರೀ," ಎಂದಳು ಅನುವಾದಕಿ, ನನಗೇ. "ಕಥೆ ಬರ್ದು ಕೈ ತೊಳ್ಕೊಳ್ತೀರಿ. ಅಲ್ಲಿ ಆ ದೊಡ್ಡಪ್ಪ ಹಲ್ಲಿಲ್ದೆ ಒಣ ಬ್ರೆಡ್ಡು ನೀರಲ್ಲಿ ನೆನೆಸ್ಕೊಂಡು ತಿಂತಿದಾರೆ."

"ನಾನೇನು ಮಾಡಿದೆನಮ್ಮಾ?"

"ಮೂರನೇ ಭಾಗ ಓದಿ. 'ಮುದುಕನನ್ನು ಹಿಡಿದರು', 'ಅವನ ಚೀಲ'. ಅಷ್ಟು ದೊಡ್ಡವರಿಗೆ ಬಹುವಚನ ಎಲ್ಲಿ ಹೋಯ್ತು? ನನ್ನನ್ನೂ ಮೊದಲಿಂದ 'ಅವಳು' ಅಂತಿದೀರಿ, ಅದು ಹಾಳಾಗ್ಲಿ."

ನನ್ನ ಕಿವಿ ಬಿಸಿಯಾಯಿತು.

"ನಾನು ತಪ್ಪಿದ್ದೂ ಅಲ್ಲೇ," ಎಂದಳು. (ಎಂದರು.) "ಆ ಡ್ರೈವರ್ ಹೆಂಡ್ತಿ 'ಬರ್ತಾರೆ' ಅಂದ್ಲು. ಕಳ್ಳರು ಏಳು ತಿಂಗಳಲ್ಲಿ ಒಂದು ಸಲಾನೂ ಹಂಗಂದಿಲ್ಲ. ಯಾವಾಗ್ಲೂ 'ದೊಡ್ಡಪ್ಪ ಬರ್ತಾನೆ'. ಕಿವೀಲಿ ಬಿದ್ದಿತ್ತು, ನಾನು ಪಟ್ಟಿ ನೋಡ್ಕೊಂಡು ಟೈಪ್ ಮಾಡ್ದೆ."

"ಹಾಗಿದ್ದರೆ ಅದನ್ನೇ ಬರೆದು ಕಳಿಸಿ! ಕೇಸೂ ಉಳಿಯುತ್ತದೆ, ಅವರೂ ಉಳಿಯುತ್ತಾರೆ."

"ಯಾವ ಭಾಷೇಲಿ ಬರೀಲಿ? ಫೈಲಿನ ಭಾಷೇಲಿ ಬರ್ತಾನೆ, ಬರ್ತಾರೆ ಎರಡೂ ಒಂದೇ."

೬
ಆದರೂ ಅವರು ಬರೆದರು. ಎರಡೂ ಪದಗಳನ್ನು ನಮ್ಮ ಲಿಪಿಯಲ್ಲೇ ಇಟ್ಟು, ಇದು ಎಷ್ಟು ಜನ ಎಂಬ ಲೆಕ್ಕವಲ್ಲ, ಮರ್ಯಾದೆ ಎಂದು ಪುಟಗಟ್ಟಲೆ ವಿವರಿಸಿದರು. ಬಿಟ್ಟಿದ್ದ ಹಲ್ಲುಸೆಟ್ಟನ್ನೂ ಸ್ವೆಟರನ್ನೂ ಸೇರಿಸಿದರು. ತಪ್ಪು ನನ್ನದು ಎಂದು ಸಹಿ ಹಾಕಿ ಮಧ್ಯಾಹ್ನವೇ ಕಳಿಸಿದರು. ಸಾಹೇಬರು ತಡೆಯಲಿಲ್ಲ.

ಮೂರನೇ ಭಾಗ ತಿದ್ದಿಬಿಡಲೇ ಎಂದು ಕೇಳಿದೆ. "ಬೇಡ, ಇರ್ಲಿ. ನಂದು ಫೈಲಲ್ಲಿದೆ, ನಿಮ್ಮದು ಇಲ್ಲಿರ್ಲಿ," ಎಂದರು.

ಮೂರು ದೇಶಗಳಿಂದ ಉತ್ತರ ಬಂದಿಲ್ಲ. ಕೇಸು ನಿಂತಿತೋ ಬಿದ್ದಿತೋ ನನಗೂ ಗೊತ್ತಿಲ್ಲ, ಊಹಿಸಿ ಬರೆಯುವ ಮುಖವೂ ನನಗಿಲ್ಲ. ಇಷ್ಟು ಮಾತ್ರ ಗೊತ್ತು: ಪರದೇಶದ ಆ ತಂಗಿ ದಿನಾ ಸ್ವೆಟರ್ ಹಿಡಿದುಕೊಂಡು ಹೋಗಿ ಅವರನ್ನು ಇಟ್ಟಿರುವ ಕಟ್ಟಡದ ಬಾಗಿಲಲ್ಲಿ ನಿಲ್ಲುತ್ತಾಳೆ. ಯಾರಿಗೆ ಕಾಯುತ್ತೀ ಎಂದು ಕಾವಲಿನವನು ಕೇಳಿದರೆ ಅವನಿಗೆ ತಿಳಿಯದ ಭಾಷೆಯಲ್ಲೇ ಹೇಳುತ್ತಾಳೆ, ದೊಡ್ಡಪ್ಪ ಬರ್ತಾರೆ.