ಬರ್ನರ್‌ಗೆ ಚುಚ್ಚಿದ ಸೂಜಿ

ಅಮೆರಿಕದ ಮೇನ್ ರಾಜ್ಯದ ನಮ್ಮ ಕರಾವಳಿಯಲ್ಲಿ ಮೊದಲ ಹಿಮ ಬಿದ್ದ ವಾರವೇ ಯಾರದಾದರೂ ಮನೆ ಬೆಚ್ಚಗಿಡುವ ಎಣ್ಣೆಯ ಫರ್ನೇಸ್ ಕೈಕೊಡುತ್ತದೆ. ಈ ಸಲ ನಮ್ಮದು. ಹೊಗೆ ಕಾರಿತು, ಗೊರಗೊರ ಅಂದು ನಿಂತಿತು. ನನ್ನ ಗಂಡ ಎಲ್ಡನ್ ನೆಲಮಾಳಿಗೆಗೆ ಇಳಿದು ಅರ್ಧ ಗಂಟೆ ಏನೋ ಮಾಡಿದ. ಮನೆ ಮತ್ತೆ ಬೆಚ್ಚಗಾಯಿತು.

"ನೋಡಿದ್ಯಾ? ಮೆಕ್ಯಾನಿಕ್ ದಂಡ" ಅಂದ. ನಾನೂ ಹೌದಪ್ಪ ಅಂದೆ. ಏನು ಮಾಡಿದೆ ಅಂತ ಕೇಳಲಿಲ್ಲ.

ನಾನು ವರ್ನಾ. ದೋಣಿಗಳು ದಡ ಸೇರಿದ ಮೇಲೆ ಚಳಿಗಾಲ ಪೂರ್ತಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಬೋನುಗಳಿಗೆ ಬಲೆ ಹೆಣೆಯುತ್ತೇನೆ. ನೆಲಮಾಳಿಗೆಯಲ್ಲಿ ಫರ್ನೇಸ್ ಪಕ್ಕದಲ್ಲೇ ನನ್ನ ಕುರ್ಚಿ, ಯಾಕೆಂದರೆ ಬೆರಳು ಬೆಚ್ಚಗಿದ್ದರೆ ಗಂಟು ಚೆನ್ನಾಗಿ ಬೀಳುತ್ತದೆ. ನಲವತ್ತು ವರ್ಷದ ಕೆಲಸ. ನಿದ್ದೆಗಣ್ಣಿನಲ್ಲಿ ಹೆಣೆದರೂ ಲೆಕ್ಕ ತಪ್ಪುತ್ತಿರಲಿಲ್ಲ.

ಈ ಡಿಸೆಂಬರಿನಲ್ಲಿ ತಪ್ಪತೊಡಗಿತು. ಇಪ್ಪತ್ತೆರಡು ಕಣ್ಣು ಇರಬೇಕಾದ ಸಾಲಿನಲ್ಲಿ ಇಪ್ಪತ್ತಾರು. ಬಿಚ್ಚಿ ಹೆಣೆದರೆ ಹತ್ತೊಂಬತ್ತು. ತಲೆಯಲ್ಲಿ ಸುತ್ತಿಗೆ ಬಡಿದ ಹಾಗೆ ನೋವು. ಒಂದು ದಿನ ಬೀನ್ಸ್ ಪಾತ್ರೆಯನ್ನು ಬಟ್ಟೆಯ ಬೀರುವಿನಲ್ಲಿಟ್ಟು ಬಂದೆ. ಇನ್ನೊಂದು ದಿನ ಮಗಳು ಫೋನ್ ಮಾಡಿದಾಗ ಅವಳ ಹೆಸರೇ ಬಾಯಿಗೆ ಬರಲಿಲ್ಲ. ನನ್ನ ಅಮ್ಮನಿಗೂ ಹೀಗೇ ಶುರುವಾಗಿತ್ತು. ಕೊನೆಗೆ ಆಕೆ ನನ್ನನ್ನೇ ಯಾರು ನೀನು ಅಂದಿದ್ದಳು. ನನಗೆ ತುಂಬ ಹೆದರಿಕೆಯಾಯಿತು.

ವಿಚಿತ್ರ ಏನೆಂದರೆ, ಶನಿವಾರ ಚರ್ಚಿನ ಊಟಕ್ಕೆ ಹೋದರೆ ನಾನು ಸರಿಯಾಗಿರುತ್ತಿದ್ದೆ. ಇಸ್ಪೀಟಿನಲ್ಲಿ ಪಾದ್ರಿಯನ್ನೇ ಸೋಲಿಸಿದೆ. ಮರುದಿನ ಬಲೆ ಹಿಡಿದು ಕೂತರೆ ಮತ್ತೆ ಅದೇ ಗೊಂದಲ. ಮರೆವಿನ ಕಾಯಿಲೆಗೂ ವಾರದ ರಜೆ ಇರುತ್ತದೆಯೇ? ಯಾವುದಕ್ಕೂ ತಲೆಬುಡ ಸಿಗಲಿಲ್ಲ.

ಇದರ ಮಧ್ಯೆ ಮೆಟ್ಟಿಲ ಹತ್ತಿರ ಗೋಡೆಗೆ ಹಾಕಿದ್ದ ಅಲಾರಾಂ ನಾಲ್ಕು ನಾಲ್ಕು ಸಲ ಬೀಪ್ ಬೀಪ್ ಎಂದು ಕೂಗತೊಡಗಿತು. "ಬ್ಯಾಟರಿ ಸತ್ತಿದೆ" ಅಂತ ಎಲ್ಡನ್ ಬ್ಯಾಟರಿ ಕಿತ್ತು ಡ್ರಾಯರಿಗೆ ಎಸೆದ. ಆಮೇಲೆ ಮರೆವಿನ ಡಾಕ್ಟರ ಹತ್ತಿರ ನನಗೊಂದು ದಿನ ಗೊತ್ತು ಮಾಡಿದ.

ಆ ದಿನ ಬರುವ ಮೊದಲೇ ರೊಸಾಲಿ ಬಂದಳು. ಊರಿನ ಫರ್ನೇಸ್‌ಗಳನ್ನೆಲ್ಲ ರಿಪೇರಿ ಮಾಡುವ, ಲೈಸೆನ್ಸ್ ಇರುವ ಹುಡುಗಿ. ಅವಳ ತಮ್ಮನ ಬೋನುಗಳಿಗೆ ಬಲೆ ನನ್ನದೇ. ಕೈಯಲ್ಲಿ ಒಂದು ಬಲೆ ಹಿಡಿದುಕೊಂಡೇ, ನಾನೂ ಎಲ್ಡನ್ನೂ ಕೂತಿದ್ದ ಅಡುಗೆಮನೆಗೆ ನುಗ್ಗಿದಳು.

"ಆಂಟಿ, ಏನಿದು? ಬೋನಿಗೆ ಕೂರ್ತಾನೇ ಇಲ್ಲ. ಆಂಟಿ ಕುಡಿದು ಹೆಣೆದ್ರಾ ಅಂತ ತಮ್ಮ ನಗ್ತಿದ್ದಾನೆ."

ನಾನು ಅತ್ತುಬಿಟ್ಟೆ. "ನನಗೂ ಅಮ್ಮನ ಕಾಯಿಲೆ ಬಂತು ಕಣೇ."

"ಎಲ್ಲಿ ಕೂತು ಹೆಣೀತೀರಿ?"

"ಕೆಳಗೆ, ಫರ್ನೇಸ್ ಪಕ್ಕ."

"ತಲೆನೋವು ಬರುತ್ತಾ?"

"ದಿನಾ."

"ಹೊರಗಡೆ ಹೋದ್ರೆ?"

"ಹೋಗಿಬಿಡತ್ತೆ."

ರೊಸಾಲಿ ಗೋಡೆ ನೋಡಿದಳು. ಬಿಸಿಗಾಳಿ ಬರುವ ಜಾಲರಿಯ ಮೇಲೆ ಕಪ್ಪು ಮಸಿ. ಅವಳ ಮುಖವೇ ಬದಲಾಯಿತು.

"ಏಳಿ, ಇಬ್ಬರೂ ಹೊರಗೆ. ಈಗಲೇ!"

"ಕೋಟು ಹಾಕ್ಕೊಂಡು..." ಅಂದೆ.

"ಕೋಟು ಹಾಳಾಗಲಿ. ನನ್ನ ಗಾಡೀಲಿ ಹೀಟರ್ ಇದೆ, ನಡೀರಿ."

ಎಲ್ಡನ್ ಕುರ್ಚಿಯಿಂದ ಏಳಲಿಲ್ಲ. "ಎಲ್ಲಿದೆ ವಾಸನೆ? ಸುಮ್ಮನೆ ಯಾಕೆ ಹೆದರಿಸ್ತೀಯಾ ಮಾರಾಯ್ತಿ?"

"ವಾಸನೆ ಇದ್ದಿದ್ರೆ ನೀವೇ ಓಡ್ತಿದ್ರಿ ಅಂಕಲ್! ಇದು ಕಾರ್ಬನ್ ಮಾನಾಕ್ಸೈಡ್, ವಿಷಗಾಳಿ. ಕಣ್ಣಿಗೆ ಕಾಣಲ್ಲ, ಮೂಗಿಗೆ ಸಿಗಲ್ಲ. ತಲೆಗೆ ಹತ್ತುತ್ತೆ. ಆಮೇಲೆ ಪ್ರಾಣಕ್ಕೇ."

ನಮ್ಮಿಬ್ಬರನ್ನೂ ಹೊರಗೆಳೆದು, ಹಿಮದಲ್ಲಿ ನಿಂತೇ ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಅವರ ಮೀಟರ್ ನೆಲಮಾಳಿಗೆಯ ಮೊದಲ ಮೆಟ್ಟಿಲಲ್ಲೇ ಕಿರುಚಿಕೊಂಡಿತು. ನಮ್ಮಿಬ್ಬರನ್ನೂ ಆಸ್ಪತ್ರೆಗೆ ಒಯ್ದು, ರಕ್ತ ಪರೀಕ್ಷಿಸಿ, ಆಕ್ಸಿಜನ್ ಹಾಕಿದರು. ಸಂಜೆಯ ಹೊತ್ತಿಗೆ ಮಗಳು ಬಂದಳು. "ಬಾ, ಕೋರಾ" ಅಂದೆ. ಹೆಸರು ತಾನಾಗಿಯೇ ಬಂತು. ಇಬ್ಬರೂ ಅತ್ತೆವು.

ಮನೆಗೆ ಗಾಳಿ ಆಡಿಸಿ, ಒಳಗೆ ಹೋಗಬಹುದು ಅಂತ ಅಗ್ನಿಶಾಮಕದವರು ಹೇಳಿದ ಮೇಲೆ ರೊಸಾಲಿ ಕೆಲಸ ಶುರುಮಾಡಿದಳು. ಮೊದಲು ಫರ್ನೇಸಿನ ಕರೆಂಟು ಆರಿಸಿದಳು. ಎಣ್ಣೆಯ ನಲ್ಲಿ ಮುಚ್ಚಿದಳು. ಎಣ್ಣೆ ಉರಿಸುವ ಬರ್ನರ್ ಪೂರ್ತಿ ತಣ್ಣಗಿದೆಯೇ ಅಂತ ನೋಡಿ, ಒಳಗಿನಿಂದ ಬೆರಳ ತುದಿಯಷ್ಟಿದ್ದ ಒಂದು ಲೋಹದ ತುಂಡು ಬಿಚ್ಚಿ ಭೂತಗನ್ನಡಿಯಲ್ಲಿ ಹಿಡಿದಳು.

"ಇದೇ ನಾಜಲ್. ಅಂಕಲ್, ಇದಕ್ಕೇನು ಚುಚ್ಚಿದ್ರಿ?"

ಎಲ್ಡನ್ ತನ್ನ ಬೂಟು ನೋಡಿಕೊಂಡ. "ಸೂಜಿ. ಕಸ ಕಟ್ಟಿತ್ತು. ದೋಣಿಯ ಸೀಮೆಎಣ್ಣೆ ಸ್ಟೌವಿಗೆ ನಮ್ಮಪ್ಪನ ಕಾಲದಿಂದ ಚುಚ್ತಾ ಬಂದಿದೀವಿ. ಅದು ಚೆನ್ನಾಗೇ ಉರಿಯತ್ತಲ್ಲ?"

"ಆ ಸ್ಟೌವಲ್ಲಿ ಸೀಮೆಎಣ್ಣೆ ಕಾದು ಆವಿಯಾಗಿ ಬರುತ್ತೆ, ಪಿನ್ನು ನಡೆಯುತ್ತೆ. ಇಲ್ಲಿ ಪಂಪು ಎಣ್ಣೆಯನ್ನ ಈ ಕೂದಲಿನಷ್ಟು ತೂತಿಂದ ಇಬ್ಬನಿ ಥರ ಚಿಮ್ಮಿಸಬೇಕು. ಸೂಜಿ ಗೀರಿದರೆ ಎಣ್ಣೆ ಅಡ್ಡಾದಿಡ್ಡಿ ಬೀಳುತ್ತೆ, ಪೂರ್ತಿ ಉರಿಯಲ್ಲ. ಮಸಿ ಕಟ್ಟಿ ಹೊಗೆಕೊಳವೆ ಮುಚ್ಚಿಹೋಗಿದೆ ನೋಡಿ. ವಿಷಗಾಳಿ ಎಲ್ಲಾ ಆಂಟಿ ಕುರ್ಚಿ ಹತ್ರಾನೇ ಬಂದಿದೆ."

ಎಲ್ಡನ್ ಇನ್ನೂ ಪೂರ್ತಿ ಸೋತಿರಲಿಲ್ಲ. "ಸರಿ, ಹಳೇದರ ನಂಬರ್ ನೋಡಿ ಹೊಸದು ತಂದು ನಾನೇ ಹಾಕ್ತೀನಿ."

"ಹಳೇದೇ ಸರಿಯಾದ ನಂಬರ್ ಅಂತ ಯಾರು ಹೇಳಿದ್ರು? ಬರ್ನರ್ ಮೇಲಿನ ಫಲಕ ಓದಿ. ಗಂಟೆಗೆ ಎಷ್ಟು ಎಣ್ಣೆ, ಎಷ್ಟು ಅಗಲಕ್ಕೆ ಚಿಮ್ಮಬೇಕು, ಯಾವ ಥರ ಚಿಮ್ಮಬೇಕು, ಮೂರೂ ಕೂಡಿಬರಬೇಕು. ಹಾಕಿದ ಮೇಲೆ ಹೊಗೆ ಅಳೆದು ಗಾಳಿ ಸರಿಮಾಡಬೇಕು. ಅಳೆಯೋ ಯಂತ್ರ ಇದೆಯಾ ನಿಮ್ಹತ್ರ?"

"ಇಲ್ಲ."

"ಮತ್ತೆ?"

"ಮತ್ತೇನು, ನೀನೇ ಹಾಕು ತಾಯಿ."

ಅವಳು ಹೊಸ ನಾಜಲ್ ಹಾಕಿದಳು, ಎಣ್ಣೆಯ ಫಿಲ್ಟರ್ ಬದಲಿಸಿದಳು, ಕೊಳವೆಯ ಮಸಿ ತೆಗೆದಳು. ಚಳಿ ನುಗ್ಗದಿರಲೆಂದು ಎಲ್ಡನ್ ಪ್ಲಾಸ್ಟಿಕ್ ಹೊದಿಸಿ ಮುಚ್ಚಿದ್ದ, ಫರ್ನೇಸ್ ಉರಿಯಲು ಬೇಕಾದ ಗಾಳಿಕಿಂಡಿಯನ್ನೂ ಬಿಡಿಸಿದಳು. ಕೊನೆಗೆ ಯಂತ್ರ ಇಟ್ಟು ಅಳೆದು, ಎಲ್ಲ ಸರಿ ಅಂತ ಬಂದದ್ದನ್ನು ಎಲ್ಡನ್‌ಗೂ ತೋರಿಸಿದಳು.

ರೊಸಾಲಿ ಹೋದ ಮೇಲೆ ಎಲ್ಡನ್ ಅಲಾರಾಂಗೆ ಹೊಸ ಬ್ಯಾಟರಿ ಹಾಕಿ ಬಂದ.

"ನಿನ್ನ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಹೇಳಿಬಿಟ್ಟೆನಲ್ಲೇ ವರ್ನಾ."

"ಹೌದಾ? ಹಾಗಾದ್ರೆ ಕೆಟ್ಟಿದ್ದು ಯಾರ ತಲೆ ಅಂತಾನೂ ಹೇಳಿ ಬಾ."

ಹೋದ. ದಕ್ಕೆಯ ಕಾಫಿ ಅಂಗಡಿಯಲ್ಲಿ, ತನ್ನಂಥ ಇಪ್ಪತ್ತು ಮೊಂಡರ ಎದುರು ನಿಂತು, ಸೂಜಿ ಚುಚ್ಚಿದ್ದು, ಬ್ಯಾಟರಿ ಕಿತ್ತದ್ದು ಎಲ್ಲ ಹೇಳಿದ. ಯಾರೂ ನಗಲಿಲ್ಲವಂತೆ. ಇಬ್ಬರು ಅರ್ಧ ಕಾಫಿ ಬಿಟ್ಟು ಮನೆಗೆ ಹೋದರಂತೆ.

ಈಗ ನಿಮಗೆ ಹೇಳುತ್ತೇನೆ, ಕೇಳಿ. ಚಳಿ ಶುರುವಾಗುವ ಮೊದಲೇ, ವರ್ಷಕ್ಕೊಮ್ಮೆ, ಕೆಲಸ ಬಲ್ಲವರನ್ನು ಕರೆದು ನಾಜಲ್ ಬದಲಾಯಿಸಿ. ಹಳೆಯದನ್ನು ಚುಚ್ಚಬೇಡಿ, ಉಜ್ಜಬೇಡಿ, ಎಸೆಯಿರಿ. ಫರ್ನೇಸ್ ನಿಂತರೆ ಅದನ್ನು ಮತ್ತೆ ಹೊತ್ತಿಸುವ ಕೆಂಪು ಗುಂಡಿಯನ್ನು ಒಂದೇ ಸಲ ಒತ್ತಿ. ಆಗಲೂ ಹೊತ್ತದಿದ್ದರೆ ಕೈ ತೆಗೆದು ಫೋನ್ ಎತ್ತಿ, ಏಕೆಂದರೆ ಮತ್ತೆ ಮತ್ತೆ ಒತ್ತಿದರೆ ಒಳಗೆ ಎಣ್ಣೆ ತುಂಬಿ ಭಗ್ಗೆಂದೀತು. ವಿಷಗಾಳಿಯ ಅಲಾರಾಂ ನಾಲ್ಕು ನಾಲ್ಕು ಸಲ ಕೂಗಿದರೆ ಅದು ಬ್ಯಾಟರಿಗೆ ಅಳುತ್ತಿಲ್ಲ, ನಿಮ್ಮನ್ನು ಹೊರಗೆ ಕರೆಯುತ್ತಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಚಳಿಗಾಲ ಲೆಕ್ಕ ತಪ್ಪುತ್ತಿದ್ದರೆ, ಹೆಸರು ಮರೆಯುತ್ತಿದ್ದರೆ, ಅವರಿಗೆ ಅರಳುಮರಳು ಅಂತ ತೀರ್ಮಾನಿಸುವ ಮೊದಲು ಕೈ ಹಿಡಿದು ಬಾಗಿಲಾಚೆ ಕರೆತನ್ನಿ. ಕೋಟು ಹುಡುಕುತ್ತ ನಿಲ್ಲಬೇಡಿ.