ಬಟಾಣಿ ತೊಳೆದ ನೀರು

ಎನಿಡ್ ಎಂಟ್ವಿಸಲ್ ಬೇಯಿಸಿದ ಬಟಾಣಿಯ ಮೇಲೆ ಉಪ್ಪು ಬಿಟ್ಟರೆ ಬೇರೇನೂ ಬೀಳಬಾರದು. ಬೋಲ್ಟನ್ ಊರಿನ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಆ ಪುಟ್ಟ ಬೌಲ್ಸ್ ಕ್ಲಬ್ಬಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಮಾಂಸ ತುಂಬಿ ಬೇಯಿಸಿದ ಪೈ ಜೊತೆಗೆ ವಿನಿಗರಿನಲ್ಲಿ ಹಾಕಿಟ್ಟ ಕೆಂಪು ಕೋಸು ತಿನ್ನುತ್ತೀರೋ, ಕಂದು ಸಾಸ್ ಸುರಿದುಕೊಳ್ಳುತ್ತೀರೋ, ಅದು ನಿಮ್ಮ ಹಣೆಬರಹ. ಬಟಾಣಿಯ ತಂಟೆಗೆ ಮಾತ್ರ ಬರಬೇಡಿ. ಒಣ ಬಟಾಣಿ ರಾತ್ರಿಯಿಡೀ ಅಡುಗೆ ಸೋಡಾದ ನೀರಿನಲ್ಲಿ ನೆನೆದು, ಬೆಳಗಿನಿಂದ ಸಣ್ಣ ಉರಿಯಲ್ಲಿ ಕುದಿದು, ಕಾಳೆಲ್ಲಿ ಮುಗಿಯಿತು ಗಂಜಿಯೆಲ್ಲಿ ಶುರುವಾಯಿತು ಎಂದು ತಿಳಿಯದ ಹದಕ್ಕೆ ಬಂದಮೇಲೆ ಅದಕ್ಕೆ ಇನ್ನೊಂದರ ಹಂಗೇಕೆ?

ಇಂಥವಳ ಮನೆಗೆ ಸೊಸೆಯಾಗಿ ಬಂದವಳು ಲೊರೇನ್. ನಾಟಿಂಗ್‌ಹ್ಯಾಮಿನ ಹುಡುಗಿ. ಅವಳ ಊರಿನಲ್ಲಿ ಬಟಾಣಿಗೆ ಪುದೀನ ಸಾಸ್ ಇಲ್ಲದಿದ್ದರೆ ಜನ ಚಮಚವನ್ನೇ ಎತ್ತುವುದಿಲ್ಲ. ಸಣ್ಣಗೆ ಹೆಚ್ಚಿದ ಪುದೀನ, ವಿನಿಗರು, ಚೂರು ಸಕ್ಕರೆ, ಅಷ್ಟೇ. ಅಕ್ಟೋಬರಿನ ಜಾತ್ರೆಯ ಚಳಿಯಲ್ಲಿ ಅಪ್ಪನ ಕೋಟಿಗೆ ಒತ್ತಿಕೊಂಡು ನಿಂತು ಬಿಸಿ ಬಟ್ಟಲಿನಿಂದ ಅದನ್ನು ತಿಂದ ರುಚಿ ಅವಳ ಬಾಯಲ್ಲಿ ಇನ್ನೂ ಇತ್ತು. ಆ ಧೈರ್ಯದ ಮೇಲೆಯೇ ಮದುವೆಯಾದ ಮೊದಲ ಶುಕ್ರವಾರ ಅತ್ತೆಯ ಮೇಜಿನಲ್ಲಿ ಕೂತು, "ಪುದೀನ ಸಾಸ್ ಇದೆಯಾ?" ಎಂದು ಕೇಳಿಬಿಟ್ಟಳು.

ಎನಿಡ್ ಸೌಟು ಕೆಳಗಿಟ್ಟಳು. "ಯಾಕೆ? ನನ್ನ ಬಟಾಣಿ ಹಳಸಿದೆಯಾ?"

ಅಂದು ಹೋದ ಹೆಸರು ಮತ್ತೆ ಬರಲಿಲ್ಲ. ಅತ್ತೆಯ ಬಾಯಲ್ಲಿ ಸೊಸೆ ಬರೀ 'ನಾಟಿಂಗ್‌ಹ್ಯಾಮ್' ಆದಳು. ಏ ನಾಟಿಂಗ್‌ಹ್ಯಾಮ್, ಟೀಗೆ ನೀರಿಡು. ನಾಟಿಂಗ್‌ಹ್ಯಾಮ್ ಬಂದಳಾ, ಬಾಗಿಲು ಹಾಕ್ಕೊಂಡು ಬಾ ಅನ್ನು. ಲೊರೇನ್ ಕೈಚೀಲದಲ್ಲಿ ಪುದೀನ ಸಾಸಿನ ಒಂದು ಪುಟ್ಟ ಬಾಟಲಿ ಇಟ್ಟುಕೊಳ್ಳುವುದನ್ನು ಕಲಿತಳು. ಕ್ಲಬ್ಬಿನ ಊಟದ ದಿನ ತಟ್ಟೆ ಹಿಡಿದು ಬಚ್ಚಲಿನ ದಾರಿಯ ಮೂಲೆಗೆ ಹೋಗಿ, ಕಳ್ಳಿಯ ಹಾಗೆ ಅತ್ತಿತ್ತ ನೋಡಿ ಎರಡು ಚಮಚ ಹಾಕಿಕೊಂಡು ಬರುವಳು. ಗಂಡ ಟ್ರೆವರ್‌ಗೆ ಇದು ಗೊತ್ತು. "ಅಮ್ಮ ಹಿಡಿದರೆ ನಿನ್ನ ಪರಿಚಯವೇ ನನಗಿಲ್ಲ ಅಂತೀನಿ" ಎಂದು ಮೊದಲೇ ಹೇಳಿಟ್ಟಿದ್ದ. ಒಳ್ಳೆಯ ಮನುಷ್ಯ, ಆದರೆ ಅವನ ಧೈರ್ಯ ಅಷ್ಟೇ.

ಹೀಗೆ ಮೂವತ್ತು ವರ್ಷ ಕಳೆದವು. ಕಳೆದ ವಸಂತದಲ್ಲಿ ಕ್ಲಬ್ಬಿನ ಊಟಕ್ಕೆ ಎನಿಡ್ ಮಾಡಿದ ಬಟಾಣಿ ಸೋಪಿನಂತಿತ್ತು.

ಸೋಡಾ ಸರಿಯಾಗಿ ತೊಳೆದು ಹೋಗದಿದ್ದರೆ ಹಾಗಾಗುತ್ತದೆ. ಹೊಸಬರು ಮಾಡುವ ತಪ್ಪು. ಆದರೂ ಕ್ಲಬ್ಬಿನ ಹಳೆಯ ಆಟಗಾರ ಸ್ಟ್ಯಾನ್ಲಿಯಿಂದ ಹಿಡಿದು ಒಬ್ಬರೂ ಬಾಯಿಬಿಡಲಿಲ್ಲ. ಈ ಜನರೇ ಹೀಗೆ, ಮುಖದ ಮೇಲೆ ಹೇಳುವ ಬದಲು ತಟ್ಟೆ ಖಾಲಿ ಮಾಡಿ, "ಚೆನ್ನಾಗಿತ್ತು ಎನಿಡ್" ಅಂದು, ಮನೆಗೆ ಹೋಗಿ ಹೊಟ್ಟೆಗೆ ಮಾತ್ರೆ ನುಂಗುತ್ತಾರೆ. ಬೆನ್ನ ಹಿಂದೆ ಮಾತ್ರ ಗುಸುಗುಸು ಸಾಕಷ್ಟು ನಡೆಯಿತು. ಸೆಪ್ಟೆಂಬರಿನಲ್ಲಿ ಆಟದ ಋತು ಮುಗಿಸುವ ಊಟದ ದಿನ ಬೆಳಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಬ್ರೆಂಡಾ ಕ್ಲೆಗ್ ಗೇಟಿನಲ್ಲೇ ಲೊರೇನಳನ್ನು ತಡೆದು ನಿಲ್ಲಿಸಿದಳು.

"ನೋಡಮ್ಮಾ, ನನ್ನ ಕಾರಿನ ಡಿಕ್ಕಿ ತುಂಬ ಟಿನ್ ಬಟಾಣಿ ಇದೆ. ನೀನು ಅಡುಗೆಮನೇಲಿ ಅವರ ಜೊತೆ ಇರು. ಬೆಂದಮೇಲೆ ರುಚಿ ನೋಡು. ಕೆಟ್ಟಿದ್ರೆ ನನಗೊಂದು ಸನ್ನೆ ಮಾಡು, ಟಿನ್ ಒಡೀತೀನಿ."

"ಎನಿಡ್‌ಗೆ ಏನಂತ ಹೇಳೋದು?"

"ವಯಸ್ಸಾಯ್ತು, ಇನ್ನು ಸಾಕು ಅಂತ ಕಮಿಟಿಯವರೇ ಹೇಳ್ತಾರೆ. ನಿನಗೇನು ಹೋಗೋದಿದೆ? ನಿನ್ನನ್ನ ಕಂಡ್ರೆ ಅವರು ಉರಿದು ಬೀಳ್ತಾರೆ."

ಸುಳ್ಳು ಯಾಕೆ ಹೇಳಬೇಕು, ಲೊರೇನಳ ಮನಸ್ಸಿಗೆ ಒಂದು ಕ್ಷಣ ಹಿತವಾಯಿತು. ಮೂವತ್ತು ವರ್ಷದ ಹಳೆಯ ಸಿಟ್ಟಿಗೆ ಒಂದು ಸನ್ನೆ ಸಾಕು.

ಕ್ಲಬ್ಬಿನ ಅಡುಗೆಮನೆಯಲ್ಲಿ ಎನಿಡ್ ತೋಳು ಮಡಚಿ ನಿಂತಿದ್ದಳು. ಮೈ ಸಣ್ಣಗಾಗಿತ್ತು, ಏಪ್ರನ್ನಿನ ದಾರ ಸೊಂಟಕ್ಕೆ ಎರಡು ಸುತ್ತು ಬಂದಿತ್ತು. ರಾತ್ರಿಯೇ ನೆನೆಹಾಕಿದ್ದ ಬಟಾಣಿ ದೊಡ್ಡ ಪಾತ್ರೆಯಲ್ಲಿ ಉಬ್ಬಿ ಕೂತಿತ್ತು.

"ಸುಮ್ನೆ ನಿಂತಿದ್ದೀಯಲ್ಲ ನಾಟಿಂಗ್‌ಹ್ಯಾಮ್, ಆ ಕಡೆ ಹಿಡಿ. ಬಗ್ಗಿಸೋಣ."

ಇಬ್ಬರೂ ಸೇರಿ ಹಳದಿ ನೊರೆಯ ನೀರನ್ನು ಬಸಿದರು. ಎನಿಡ್ ಹೊಸ ನೀರು ಬಿಟ್ಟು, ಕೈಯಾಡಿಸಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಅದು ಅವಳ ಹಳೆಯ ಪದ್ಧತಿ. ನೀರು ಬಾಯಿಗೆ ಏನೂ ಹತ್ತದೆ ಸಪ್ಪೆಯಾಗುವ ತನಕ ತೊಳೆಯುತ್ತಲೇ ಇರಬೇಕು, ಲೆಕ್ಕ ಗಿಕ್ಕ ಏನೂ ಇಲ್ಲ.

"ಸಾಕು" ಅಂದಳು. "ಒಲೆ ಹಚ್ಚು."

ಲೊರೇನ್ ನೀರಿನ ಕಡೆ ನೋಡಿದಳು. ಇನ್ನೂ ಮಬ್ಬಾಗಿತ್ತು. ಅತ್ತೆ ಅತ್ತ ತಿರುಗಿದಾಗ ತಾನೂ ಬೆರಳು ಅದ್ದಿ ನೆಕ್ಕಿದಳು. ಬರೀ ಸೋಡಾ! ಬಾಯೆಲ್ಲ ಚೌಳಾಯಿತು. ಹೋದ ವಾರ ಎನಿಡ್ ಮನೆಯಲ್ಲಿ ಒಡೆಯುತ್ತಿದ್ದ ಹಾಲನ್ನೇ ಟೀಗೆ ಹಾಕಿಕೊಂಡು ಕುಡಿದದ್ದು, ಪುಡಿಂಗನ್ನು ಪಕ್ಕಕ್ಕೆ ತಳ್ಳಿದ್ದು, ಈ ಸಣ್ಣಗಾದ ಸೊಂಟ, ಎಲ್ಲ ಒಟ್ಟಿಗೆ ನೆನಪಾಯಿತು. ಬ್ರೆಂಡಾ ಅಂದುಕೊಂಡ ಹಾಗೆ ಇದು ವಯಸ್ಸಿನ ಮರೆವಲ್ಲ. ಈ ನಾಲಿಗೆಗೆ ಈಗ ಎಲ್ಲ ನೀರೂ ಸಪ್ಪೆ.

"ಎನಿಡ್" ಅಂದಳು ಮೆಲ್ಲಗೆ, "ನನಗಿನ್ನೂ ಸೋಡಾ ಹತ್ತುತ್ತೆ."

"ಪುದೀನ ತಿಂದು ಕೆಟ್ಟ ನಾಲಿಗೆ ನಿಂದು. ನಿನಗೇನು ತಿಳಿಯುತ್ತೆ?"

ಲೊರೇನ್ ಒಲೆ ಹಚ್ಚಲಿಲ್ಲ. ಹೊರಗೆ ಬ್ರೆಂಡಾ ಮೇಜು ಎಳೆದಾಡುವ ಸದ್ದು ಕೇಳಿಸುತ್ತಿತ್ತು. ಎನಿಡ್ ಪಾತ್ರೆಯೊಳಗೆ ಒಮ್ಮೆ ನೋಡಿ ಸ್ಟೂಲಿನ ಮೇಲೆ ಕುಸಿದಳು.

"ನಿಜವಾಗ್ಲೂ ಹತ್ತುತ್ತಾ?"

"ಹತ್ತುತ್ತೆ."

"ಚಳಿಗಾಲದಲ್ಲಿ ಜ್ವರ ಬಂತಲ್ಲ, ಆವತ್ತಿಂದ ಏನೂ ತಿಳಿಯಲ್ಲ ಕಣೇ. ಉಪ್ಪಿಲ್ಲ, ಸಿಹಿಯಿಲ್ಲ. ಬಾಯಲ್ಲಿ ಹತ್ತಿ ತುರುಕಿಕೊಂಡ ಹಾಗೆ." ಎನಿಡ್ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಹಾಗಾದ್ರೆ ಆವತ್ತಿನ ಬಟಾಣಿ?"

"ಸ್ವಲ್ಪ ಸೋಪಿನ ಹಾಗಿತ್ತು."

"ಸ್ವಲ್ಪನಾ?"

"ತುಂಬಾ."

"ಅಯ್ಯೋ! ಸ್ಟ್ಯಾನ್ಲಿ ಎರಡು ಸಲ ಹಾಕಿಸ್ಕೊಂಡನಲ್ಲೇ, ಪಾಪ." ನಗು ಬರುವಂತಾಗಿ, ಅದು ಅರ್ಧಕ್ಕೇ ನಿಂತಿತು. "ಟ್ರೆವರ್‌ಗೆ ಹೇಳಬೇಡ. ಇವರಿಗೆ ಯಾರಿಗೂ ಹೇಳಬೇಡ. ಅವನಪ್ಪ ಹೋದಮೇಲೆ ಇಲ್ಲಿಗೆ ಬರೋಕೆ ನನಗೆ ಇದೊಂದೇ ನೆಪ ಇರೋದು. ಚೆಂಡು ಉರುಳಿಸೋಕೆ ಮೊಣಕಾಲು ಬಿಡಲ್ಲ. ಬಟಾಣೀನೂ ಕಿತ್ಕೊಂಡ್ರೆ ನಾನ್ಯಾರು ಇಲ್ಲಿ?"

ಲೊರೇನ್ ಆ ಹಳೆಯ ಸಿಟ್ಟನ್ನು ಹುಡುಕಿದರೂ ಅದು ಈಗ ಸಿಗಲಿಲ್ಲ. ಅವಳು ಪಾತ್ರೆಯ ಒಂದು ಕಿವಿ ಹಿಡಿದಳು. "ಏಳಿ, ಇನ್ನೊಂದು ನೀರು ಬಗ್ಗಿಸೋಣ. ನೀವು ತೊಳೀರಿ, ನಾನು ನೆಕ್ತೀನಿ."

ಎಷ್ಟು ನೀರು ಬದಲಾಯಿಸಿದರೋ ಇಬ್ಬರೂ ಎಣಿಸಲಿಲ್ಲ. ಪ್ರತಿ ಸಲ ಲೊರೇನ್ ಬೆರಳು ನೆಕ್ಕಿ, ಇನ್ನೂ ಇದೆ ಎಂದು ತಲೆಯಾಡಿಸುವಳು, ಎನಿಡ್ ಪರೀಕ್ಷೆಗೆ ಕೂತವಳ ಹಾಗೆ ಅವಳ ಮುಖವನ್ನೇ ನೋಡುವಳು. ಕೊನೆಗೆ ನೀರು ತಿಳಿಯಾಯಿತು. ಬಟಾಣಿ ಕುದಿಯತೊಡಗಿದಾಗ ಕೈ ಮಾತ್ರ ಎನಿಡ್‌ಳದೇ. ಉರಿ ಎಷ್ಟು, ಯಾವಾಗ ಕಲಕಬೇಕು, ಯಾವಾಗ ಮುಟ್ಟಬಾರದು, ಸೌಟಿನಿಂದ ಹೇಗೆ ಬೀಳಬೇಕು, ಇದೆಲ್ಲ ಅವಳ ಕಣ್ಣಿಗೂ ಕೈಗೂ ಗೊತ್ತಿತ್ತು. ಉಪ್ಪಿಗೆ ಮಾತ್ರ ಸೌಟನ್ನು ಸೊಸೆಯ ಬಾಯಿಗೆ ಹಿಡಿದಳು.

ಬ್ರೆಂಡಾ ಬಾಗಿಲಲ್ಲಿ ಇಣುಕಿ ಹುಬ್ಬು ಹಾರಿಸಿದಳು. ಲೊರೇನ್ ಬಾಗಿಲ ತನಕ ಹೋಗಿ, "ಟಿನ್ನು ಕಾರಲ್ಲೇ ಇರಲಿ" ಅಂದಳು. ಒಲೆಯ ಮುಂದೆ ಎನಿಡ್‌ಳ ಸೌಟು ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು.

ಸಂಜೆ ಪೈಗಳು ಬಂದವು, ಕೆಂಪು ಕೋಸು ಬಂತು, ಬಟ್ಟಲುಗಳಲ್ಲಿ ಬಟಾಣಿ ಹಬೆಯಾಡಿತು. ಮೊದಲು ಎಲ್ಲರೂ ಚಮಚದ ತುದಿಯಲ್ಲಿ ಅಂಜಿ ಅಂಜಿ ನೆಕ್ಕಿ ನೋಡಿದರು. ಆಮೇಲೆ ಮಾತು ನಿಂತಿತು. ಸ್ಟ್ಯಾನ್ಲಿ ಪೈಯ ಅಂಚಿನಿಂದ ಬಟ್ಟಲನ್ನೇ ಒರೆಸಿ ತಿಂದು, "ಇನ್ನೊಂದು ಸೌಟು ಹಾಕು ಎನಿಡ್, ಇದು ಅಂದ್ರೆ ಬಟಾಣಿ!" ಅಂದ. ಈ ಸಲ ಮುಖ ನೋಡಿದರೆ ಮಾತು ನಿಜವೆಂದು ಗೊತ್ತಾಗುತ್ತಿತ್ತು. ಎನಿಡ್ ಎಲ್ಲರಿಗೂ ತಲೆಯಾಡಿಸಿದಳು. ಅವಳ ಬಟ್ಟಲು ಮಾತ್ರ ಹಾಗೇ ತಣ್ಣಗಾಗುತ್ತಿತ್ತು.

ಅದನ್ನು ನೋಡುತ್ತ ಕೂರುವುದು ಲೊರೇನಳಿಂದ ಆಗಲಿಲ್ಲ. ತಟ್ಟೆ, ಕೈಚೀಲ ಎರಡನ್ನೂ ತೆಗೆದುಕೊಂಡು ಎದ್ದಳು.

"ಏ ನಾಟಿಂಗ್‌ಹ್ಯಾಮ್! ಎಲ್ಲಿಗೆ ಹೊರಟೆ?"

"ಕೈ ತೊಳ್ಕೊಂಡು ಬರ್ತೀನಿ."

"ತಟ್ಟೆ ಹಿಡ್ಕೊಂಡು ಕೈ ತೊಳೆಯೋದು ನಿಮ್ಮೂರ ಪದ್ಧತಿನಾ? ಮೂವತ್ತು ವರ್ಷದಿಂದ ನೋಡ್ತಾ ಇದೀನಿ. ಬಾ ಇಲ್ಲಿ. ಆ ಬಾಟ್ಲಿ ಹೊರಗೆ ತೆಗಿ."

ಇಡೀ ಹಾಲ್ ಅತ್ತ ತಿರುಗಿತು. ಟ್ರೆವರ್ ತನ್ನ ಪೈಯೊಳಗೆ ಏನನ್ನೋ ಹುಡುಕತೊಡಗಿದ. ಲೊರೇನ್ ನಾಚಿಕೆಯಿಂದ ಕೆಂಪಾಗಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಎನಿಡ್ ತನ್ನ ಬಟ್ಟಲನ್ನು ಅವಳ ಕಡೆಗೆ ತಳ್ಳಿದಳು.

"ಹಾಕು."

"ಎನಿಡ್! ಬಟಾಣಿಗೆ ಪುದೀನನಾ? ನೀವಾ?" ಅಂದಳು ಬ್ರೆಂಡಾ. "ಏನಾಯ್ತು ನಿಮಗೆ?"

"ಆಗಿ ತಿಂಗಳುಗಳಾದವು, ಬ್ರೆಂಡಾ. ನನಗೆ ರುಚಿ ಅನ್ನೋದೇ ತಿಳಿಯಲ್ಲ. ಹೋದ ಸಲ ನಿಮಗೆಲ್ಲ ಸೋಪು ತಿನ್ನಿಸಿದೆನಂತೆ. ಒಬ್ಬರಾದ್ರೂ ಹೇಳಬಾರದಿತ್ತಾ?" ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. "ಇವತ್ತು ನೀರು ನೋಡಿದ್ದು, ಉಪ್ಪು ನೋಡಿದ್ದು ಇವಳು. ನೀವು ಹೊಗಳಿದ ಬಟಾಣಿಗೆ ಕೈ ನಂದು, ನಾಲಿಗೆ ಇವಳದು. ಇನ್ನು ಮೇಲೂ ಹಾಗೇನೇ. ನಿನ್ನ ಟಿನ್ನು ನೀನೇ ಮನೇಲಿ ತಿನ್ನು."

ಲೊರೇನ್ ಒಂದು ಚಮಚ ಪುದೀನ ಸಾಸ್ ಹಾಕಿದಳು. ಮರ್ಯಾದೆಗೆ ಒಂದು ತುತ್ತು ತಿಂದು ಬಟ್ಟಲು ಪಕ್ಕಕ್ಕಿಡುವವಳ ಹಾಗೆ ಎನಿಡ್ ಬಾಯಿಗಿಟ್ಟಳು. ನುಂಗಿದಳು. ಮತ್ತೆ ಚಮಚ ಎತ್ತಿದವಳು ಅರ್ಧದಲ್ಲೇ ನಿಂತಳು. ವಿನಿಗರಿನ ಚುರುಕು ಕೆನ್ನೆಯೊಳಗೆಲ್ಲೋ ತಾಗಿ, ಮುದುಕಿಯ ಮುಖ ಹುಳಿಗೆ ಮುದುಡಿ, ಕಣ್ಣಲ್ಲಿ ನೀರು ತುಂಬಿತು.

"ಏನೋ ಇದೆ ಕಣೇ" ಅಂದಳು ಪಿಸುದನಿಯಲ್ಲಿ. "ಇಲ್ಲಿ, ಈ ಪಕ್ಕ. ಏನೋ ತಿಳೀತಾ ಇದೆ."

ಎನಿಡ್ ಏಪ್ರನ್ನಿನಿಂದ ಕಣ್ಣು ಒರೆಸಿಕೊಂಡು ಬಟ್ಟಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದಳು.

"ಇನ್ನೂ ಹಾಕು ಲೊರೇನ್. ಕೈ ಬಿಗಿ ಮಾಡಬೇಡ."